ಓದುಗರ ಪ್ರಶ್ನೆ: ನಡುರಾತ್ರಿ ನನ್ನ ಕಾರನ್ನೇ ಯಾಕೆ ನಿಲ್ಲಿಸಿದರು?

ಕಳುವಾದ ಕಾರಿನ ವಿಮೆ ಕ್ಲೇಮಿನ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಮೆಯ ಗೊಡವೆಗೇ ಹೋಗಿಲ್ಲ. ಕಾರು ಕಳೆದುಕೊಂಡವರಿಗಿಂತ, ಕಳುವಾಗದಿರಲಿ ಅಂತ ಪೊಲೀಸರು ಅಡ್ಡಹಾಕಿ ನಿಲ್ಲಿಸಿದವರೇ ಹೆಚ್ಚು ಸಿಟ್ಟಾಗಿದ್ದಾರೆ. ಸರಿ, ಈ ಸಲ ಅದೇ ಆಗಲಿ. ನಾನು ವಕೀಲಳಲ್ಲ. ವಿಮಾ ಕಂಪನಿಯ ಪರವಾಗಿ ಕಳವು ಕ್ಲೇಮುಗಳ ತನಿಖೆ ಮಾಡಿಕೊಂಡೇ ತಲೆ ನರೆತವಳು. ಕಾನೂನಿನ ಮಾತು ಬಂದಾಗ ತೀರ್ಪುಗಳಲ್ಲಿ ಇರುವಷ್ಟನ್ನೇ ಹೇಳುತ್ತೇನೆ. ಕಳ್ಳರ ಮಾತು ಬಂದಾಗ ಸ್ವಲ್ಪ ಹೆಚ್ಚೇ ಹೇಳಿಯೇನು, ಸಹಿಸಿಕೊಳ್ಳಿ.

ಪ್ರಶ್ನೆ: ನಾನು ಕೆನಡಾದ ಒಂಟಾರಿಯೊದಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬರುವಾಗ ನನ್ನ ಟೊಯೋಟಾ ಹೈಲ್ಯಾಂಡರನ್ನು ಪೊಲೀಸರು ನಿಲ್ಲಿಸಿದರು. ವೇಗ ಮೀರಿರಲಿಲ್ಲ, ದೀಪಗಳೆಲ್ಲ ಸರಿಯಿದ್ದವು. "ಈ ಮಾಡೆಲ್ ಗಾಡಿಗಳು ತುಂಬ ಕಳುವಾಗ್ತಿವೆ, ಅದಕ್ಕೇ ನೋಡ್ತಿದ್ದೇವೆ" ಎಂದು ಲೈಸೆನ್ಸ್, ನೋಂದಣಿ, ವಿಮೆ ಚೀಟಿ ನೋಡಿ ಕಳಿಸಿದರು. ಆಮೇಲೂ ಒಮ್ಮೆ ಹೀಗೇ ಆಯಿತು. ಕಳ್ಳರನ್ನು ಬಿಟ್ಟು ಯಜಮಾನರನ್ನು ಹಿಡಿಯುವುದು ಯಾವ ನ್ಯಾಯ?

ಉತ್ತರ: ಹನ್ನೆರಡು ಗಂಟೆ ನಿಂತೇ ಕೆಲಸ ಮಾಡಿ ಬಂದವರನ್ನು ನಡುರಸ್ತೆಯಲ್ಲಿ ನಿಲ್ಲಿಸಿದರೆ ಯಾರಿಗಾದರೂ ರೇಗುತ್ತದೆ. ಆದರೆ ಪೊಲೀಸರ ಲೆಕ್ಕಾಚಾರವನ್ನೂ ಸ್ವಲ್ಪ ಕೇಳಿ, ಅದರಲ್ಲಿ ಹುರುಳಿದೆ.

ಕಾರು ಕಳುವಾಗುವುದು ಬಹುಮಟ್ಟಿಗೆ ಮನೆಯವರು ಮಲಗಿರುವಾಗ. ಎರಡೂವರೆಗೆ ಅಂಗಳದಿಂದ ಕಾರು ಹೋಯಿತು ಅಂತಿಟ್ಟುಕೊಳ್ಳಿ. ಯಜಮಾನ ಏಳುವುದು ಆರೂವರೆಗೆ. ಹೆಂಡತಿ ತೆಗೆದುಕೊಂಡು ಹೋಗಿರಬೇಕು, ಮಗ ಹೋಗಿರಬೇಕು ಎಂದು ಇನ್ನರ್ಧ ಗಂಟೆ. ಆಮೇಲೆ ಪೊಲೀಸರಿಗೆ ಫೋನು, ದೂರು, ಕೊನೆಗೆ ಗಾಡಿಯ ಸಂಖ್ಯೆ ಕಳುವಾದವುಗಳ ಪಟ್ಟಿಗೆ ಸೇರುವುದು. ಅಷ್ಟು ಹೊತ್ತೂ ಆ ಕಾರು ದಾಖಲೆಯಲ್ಲಿ ಸಾಚಾ. ನಂಬರ್ ಪ್ಲೇಟ್ ಓದುವ ಕ್ಯಾಮೆರಾದ ಮುಂದೆ ಹಾದುಹೋದರೂ ಅದು ಕೂಗಿಕೊಳ್ಳುವುದಿಲ್ಲ, ಕೂಗಲು ಅದಕ್ಕೆ ಕಾರಣವೇ ಇಲ್ಲ. ಕಳ್ಳನಿಗೆ ಬೇಕಾದದ್ದು ಈ ನಾಲ್ಕೈದು ಗಂಟೆಯೇ. ಅಷ್ಟರಲ್ಲಿ ಕಾರು ಮತ್ತೊಂದು ಊರಿನ ಗೋದಾಮಿಗೋ ಕಂಟೇನರಿಗೋ ಸೇರಿದರೆ ಮುಗಿಯಿತು. ಈ ಅವಧಿಯಲ್ಲಿ ಕದ್ದ ಕಾರನ್ನು ಗುರುತಿಸಲು ಪೊಲೀಸರಿಗೆ ಇರುವುದು ಎರಡೇ ಸುಳಿವು: ಯಾವ ಮಾದರಿ, ಯಾವ ಹೊತ್ತು. ನಿಮ್ಮ ದುರದೃಷ್ಟಕ್ಕೆ ಎರಡೂ ನಿಮಗೆ ಹೊಂದುತ್ತವೆ.

ಕೆನಡಾದಲ್ಲಿ 2022ರಲ್ಲಿ ಕಳುವಾದ ವಾಹನಗಳು 1,05,000ಕ್ಕೂ ಹೆಚ್ಚು. ಸುಮಾರು ಐದು ನಿಮಿಷಕ್ಕೆ ಒಂದು. ನ್ಯಾಯಮಂತ್ರಿಗೆ ಕೊಟ್ಟಿದ್ದ ಸರ್ಕಾರಿ ಕಾರೂ ಕಳ್ಳರ ಪಾಲಾಗಿತ್ತು, ಅದೂ ಹೈಲ್ಯಾಂಡರೇ, ನಿಮ್ಮ ಪೈಕಿಯದೇ. 2024ರ ಫೆಬ್ರುವರಿಯಲ್ಲಿ ಇದಕ್ಕಾಗಿಯೇ ಒಟ್ಟಾವಾದಲ್ಲಿ ರಾಷ್ಟ್ರೀಯ ಸಭೆ ಕರೆಯಬೇಕಾಯಿತು. ಕಾರುಗಳು ಹೋಗುವುದೆಲ್ಲಿಗೆ ಎಂದರೆ ಬಹಳಷ್ಟು ಮಾಂಟ್ರಿಯಲ್ ಬಂದರಿಗೆ, ಅಲ್ಲಿಂದ ಕಂಟೇನರಿನಲ್ಲಿ ಹಡಗು ಹತ್ತಿ ಪಶ್ಚಿಮ ಆಫ್ರಿಕಾಕ್ಕೆ, ಮಧ್ಯಪ್ರಾಚ್ಯಕ್ಕೆ. 'ಪ್ರಾಜೆಕ್ಟ್ ವೆಕ್ಟರ್' ಎಂಬ ಒಂದು ಕಾರ್ಯಾಚರಣೆಯಲ್ಲಿ, 2023ರ ಡಿಸೆಂಬರ್‌ನಿಂದ 2024ರ ಮಾರ್ಚ್‌ವರೆಗೆ, ಆ ಬಂದರಿನಲ್ಲಿ 598 ಕದ್ದ ವಾಹನಗಳು ಸಿಕ್ಕವು. ಕಂಟೇನರಿನ ಕಾಗದದಲ್ಲಿ ಮನೆ ಸಾಮಾನು, ಬಿಡಿಭಾಗ ಎಂದು ಏನೋ ಒಂದು ಬರೆದು ಬೀಗ ಜಡಿದ ಮೇಲೆ ಹುಡುಕುವುದಕ್ಕೂ, ಅದೇ ಕಾರು ಹೆದ್ದಾರಿಯಲ್ಲಿ ಚಕ್ರದ ಮೇಲೆ ಓಡುತ್ತಿರುವಾಗ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸ ಯೋಚಿಸಿ.

ಇಷ್ಟು ಹೇಳಿದೆನೆಂದು ನಿಮ್ಮ ದೂರನ್ನು ತಳ್ಳಿಹಾಕಿದೆ ಎಂದುಕೊಳ್ಳಬೇಡಿ. ಒಂದೇ ಠಾಣೆಯವರು, ಒಂದೇ ರಸ್ತೆಯಲ್ಲಿ, ಅದೇ ಕಾರನ್ನು, ಅದೇ ಸಮವಸ್ತ್ರದಲ್ಲಿರುವ ಹೆಂಗಸನ್ನು ಮತ್ತೆ ಮತ್ತೆ ನಿಲ್ಲಿಸುತ್ತಿದ್ದರೆ ಅವರು ಹಿಂದಿನ ಸಲ ನಿಲ್ಲಿಸಿದ್ದನ್ನು ಎಲ್ಲೂ ಬರೆದುಕೊಂಡಿಲ್ಲ ಅಂತಲೇ ಅರ್ಥ. ಅದು ಸೋಮಾರಿತನ. ಮುಂದಿನ ಸಲ ದಿನಾಂಕ, ಹೊತ್ತು, ಜಾಗ, ಅಧಿಕಾರಿಯ ಬ್ಯಾಡ್ಜ್ ಸಂಖ್ಯೆ ಗುರುತು ಹಾಕಿಕೊಳ್ಳಿ. ಠಾಣೆಗೆ ಒಂದು ಪತ್ರ ಬರೆದು, ನನ್ನ ಪಾಳಿ ಇಂಥದ್ದು, ನನ್ನ ಗಾಡಿ ಇದು ಎಂದು ತಿಳಿಸಿ. ತಪ್ಪದೆ ಕೆಲಸ ಮಾಡುತ್ತದೆ ಎಂಬ ಭರವಸೆ ಕೊಡಲಾರೆ, ಆದರೆ ನಾಳೆ ದೂರು ಕೊಡಬೇಕಾಗಿ ಬಂದರೆ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.

ಪ್ರಶ್ನೆ: ಕಾರು ದುಬಾರಿಯದ್ದು ಎಂಬ ಒಂದೇ ಕಾರಣಕ್ಕೆ ನಿಲ್ಲಿಸಲು ಪೊಲೀಸರಿಗೆ ಅಧಿಕಾರ ಇದೆಯೇ? ನನ್ನ ತಮ್ಮ ಅಮೆರಿಕದಲ್ಲಿದ್ದಾನೆ, ಅಲ್ಲಿ ಇಲ್ಲ ಎನ್ನುತ್ತಾನೆ. ಲಂಡನ್ನಿನ ಸ್ನೇಹಿತರು ಇದೆ ಎನ್ನುತ್ತಾರೆ.

ಉತ್ತರ: ಇಬ್ಬರೂ ಸರಿ. ಊರಿಗೊಂದು ಕಾನೂನು.

ಅಮೆರಿಕದ ಸುಪ್ರೀಂ ಕೋರ್ಟು 1979ರಲ್ಲೇ, ಡೆಲವೇರ್ ವಿರುದ್ಧ ಪ್ರೌಸ್ ಪ್ರಕರಣದಲ್ಲಿ, ಯಾವ ಅನುಮಾನವೂ ಇಲ್ಲದೆ ಸುಮ್ಮನೆ ಲೈಸೆನ್ಸ್ ನೋಡಲೆಂದು ಒಬ್ಬನ ಕಾರನ್ನು ಆರಿಸಿ ನಿಲ್ಲಿಸುವಂತಿಲ್ಲ ಎಂದಿತು. ಆದರೆ ಅದೇ ಕೋರ್ಟು 1996ರಲ್ಲಿ, ವ್ರೆನ್ ಪ್ರಕರಣದಲ್ಲಿ, ಸಣ್ಣದೊಂದು ಸಂಚಾರ ತಪ್ಪು ಕಣ್ಣಿಗೆ ಬಿದ್ದಿದ್ದರೆ ಸಾಕು, ಪೊಲೀಸನ ಮನಸ್ಸಿನೊಳಗಿನ ನಿಜವಾದ ಉದ್ದೇಶ ಏನೆಂದು ನಾವು ಕೇಳುವುದಿಲ್ಲ ಎಂದಿತು. ಬಾಗಿಲು ಮುಚ್ಚಿ ಕಿಟಕಿ ತೆರೆದಂತಾಯಿತು. ಇಂಡಿಕೇಟರ್ ಹಾಕದೆ ಲೇನ್ ಬದಲಿಸದವರು ಯಾರಿದ್ದಾರೆ ಹೇಳಿ?

ಬ್ರಿಟನ್ನಿನಲ್ಲಿ 1988ರ ರಸ್ತೆ ಸಂಚಾರ ಕಾಯ್ದೆಯ 163ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಯಾವ ವಾಹನವನ್ನಾದರೂ ನಿಲ್ಲಿಸಬಹುದು, ಕಾರಣ ಬೇಕಿಲ್ಲ. ಆದರೆ ನಿಲ್ಲಿಸುವುದು ಬೇರೆ, ಶೋಧಿಸುವುದು ಬೇರೆ. ಶೋಧಕ್ಕೆ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆಯಡಿ ಸಮರ್ಥನೀಯ ಅನುಮಾನ ಇರಬೇಕು.

ಕೆನಡಾದ್ದು ನಡುವಿನ ದಾರಿ. ಅಲ್ಲಿನ ಸುಪ್ರೀಂ ಕೋರ್ಟು 1988ರ ಹಫ್ಸ್ಕಿ, 1990ರ ಲಾಡುಸೂರ್ ಪ್ರಕರಣಗಳಲ್ಲಿ ಒಂದು ಮಾತು ಒಪ್ಪಿಕೊಂಡಿತು: ಕಾರಣವಿಲ್ಲದೆ ನಿಲ್ಲಿಸುವುದು ನಾಗರಿಕನ ಹಕ್ಕಿಗೆ ಧಕ್ಕೆಯೇ ಹೌದು, ಆದರೆ ಲೈಸೆನ್ಸ್, ವಿಮೆ, ಕುಡಿದು ಓಡಿಸುವುದು, ಗಾಡಿಯ ಸ್ಥಿತಿ ಇಷ್ಟನ್ನು ನೋಡಲಿಕ್ಕಾದರೆ ಆ ಧಕ್ಕೆಯನ್ನು ಸಹಿಸಬಹುದು. ಕ್ವಿಬೆಕ್‌ನಲ್ಲಿ ಈ ಸಹನೆಯನ್ನೂ ಕೋರ್ಟುಗಳು ಒಪ್ಪಲಿಲ್ಲ. ಲುವಾಂಬಾ ಪ್ರಕರಣದಲ್ಲಿ, ಕಪ್ಪು ಯುವಕನೊಬ್ಬ ತನ್ನನ್ನು ಸುಮ್ಮಸುಮ್ಮನೆ ನಿಲ್ಲಿಸುತ್ತಾರೆಂದು ಕೋರ್ಟಿಗೆ ಹೋದಾಗ, 2022ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಇಂಥ ಯಾದೃಚ್ಛಿಕ ತಡೆಗಳಿಗೆ ಆಧಾರವಾದ ನಿಯಮವನ್ನೇ ಹೊಡೆದುಹಾಕಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು, ಸರ್ಕಾರ ಸುಪ್ರೀಂ ಕೋರ್ಟಿನ ಕದ ತಟ್ಟಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೋಡುವ ನಾಕಾಬಂದಿಗೆ ಆ ತೀರ್ಪು ಅಡ್ಡಿ ಮಾಡಿಲ್ಲ, ಇದು ಗಮನಿಸಬೇಕಾದ ಅಂಶ. ಬಂದರಿನ ದಾರಿಯಲ್ಲಿ ರಾತ್ರಿ ಹೋಗುವ ಪ್ರತಿ ಕಾರನ್ನೂ ನಿಲ್ಲಿಸಿದರೆ ಅವಮಾನ ಯಾರಿಗೂ ಇಲ್ಲ, ಕಾಯುವ ಕಷ್ಟ ಎಲ್ಲರಿಗೂ ಇದೆ. ನನ್ನನ್ನು ಕೇಳಿದರೆ ಅದೇ ವಾಸಿ.

ಪ್ರಶ್ನೆ: ಡಿಕ್ಕಿ ತೆಗೆಯಿರಿ ಎಂದರೆ ತೆಗೆಯಲೇಬೇಕೇ?

ಉತ್ತರ: ಕಾರು ಯಾರದು ಎಂದು ತಿಳಿಯಲು ಡಿಕ್ಕಿಯೊಳಗಿನ ತರಕಾರಿ ಚೀಲ ನೆರವಾಗದು. ಕೆನಡಾದ ಸುಪ್ರೀಂ ಕೋರ್ಟು 1992ರ ಮೆಲೆಂಥಿನ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ರಸ್ತೆ ತಪಾಸಣೆಯಲ್ಲಿ ನಿಲ್ಲಿಸಿದ ಪೊಲೀಸ್ ಮುಂದಿನ ಸೀಟಿನ ಮೇಲಿದ್ದ ಚೀಲದಲ್ಲಿ ಏನಿದೆ ಎಂದು ಕೇಳಿ ಒಳಗಿನ ಮಾದಕವಸ್ತು ಹಿಡಿದಿದ್ದ, ಕೋರ್ಟು ಆ ಸಾಕ್ಷ್ಯವನ್ನೇ ಒಪ್ಪಲಿಲ್ಲ. "ಒಪ್ಪಿಗೆ ಕೇಳುತ್ತಿದ್ದೀರಾ, ಆದೇಶ ಕೊಡುತ್ತಿದ್ದೀರಾ?" ಎಂದು ಮೆಲ್ಲಗೆ ಕೇಳಿ. ಆದೇಶ ಎಂದರೆ ಕೈ ಅಡ್ಡ ಹಿಡಿಯಬೇಡಿ, ಜಗಳ ಕೋರ್ಟಿನಲ್ಲಿ ಆಡುವಂಥದ್ದು.

ಪ್ರಶ್ನೆ: ನಾನು ನಿವೃತ್ತ ಅಧಿಕಾರಿ. ಈ ಗದ್ದಲವೇ ನನಗೆ ಅರ್ಥವಾಗುವುದಿಲ್ಲ. ಕಳ್ಳನಲ್ಲದವನಿಗೆ ಎರಡು ನಿಮಿಷ ನಿಲ್ಲಲು ಏನು ಕಷ್ಟ?

ಉತ್ತರ: ಎರಡೇ ನಿಮಿಷವಾದರೆ ಏನೂ ಕಷ್ಟವಿಲ್ಲ ಸ್ವಾಮಿ. ಆ ಎರಡು ನಿಮಿಷ ಹೇಗೆ ಹಿಗ್ಗುತ್ತದೆ, ಯಾರಿಗೆ ಹಿಗ್ಗುತ್ತದೆ ಎಂಬುದೇ ಗದ್ದಲ.

1999ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ತಂಡದ ಬ್ಯಾಸ್ಕೆಟ್‌ಬಾಲ್ ಆಟಗಾರ ಡೀ ಬ್ರೌನ್ ತನ್ನ ಫೋರ್ಡ್ ಎಕ್ಸ್‌ಪೆಡಿಷನ್ನಿನಲ್ಲಿ ಡಾನ್ ವ್ಯಾಲಿ ಪಾರ್ಕ್‌ವೇ ಮೇಲೆ ಹೋಗುತ್ತಿದ್ದ. ಕಪ್ಪು ಯುವಕ, ಆಟದ ಉಡುಪು, ದೊಡ್ಡ ಹೊಸ ಗಾಡಿ. ಪೊಲೀಸ್ ಅವನ ಪಕ್ಕಕ್ಕೆ ಬಂದು ಒಳಗೆ ಇಣುಕಿ ನೋಡಿ, ಆಮೇಲೆ ಹಿಂಬಾಲಿಸಿ, ಪ್ಲೇಟ್ ಸಂಖ್ಯೆ ತಾಳೆ ನೋಡಿ ನಿಲ್ಲಿಸಿದ ಎಂಬುದು ಅವನ ಪರ ವಾದ. ಕುಡಿದು ಓಡಿಸಿದ ಕೇಸಾಯಿತು, ಶಿಕ್ಷೆಯೂ ಆಯಿತು. ಬಣ್ಣ ನೋಡಿ ನಿಲ್ಲಿಸಿದ್ದೀರಿ ಎಂದದ್ದಕ್ಕೆ ಕೆಳಗಿನ ನ್ಯಾಯಾಧೀಶರು ಪೊಲೀಸನ ಕ್ಷಮೆ ಕೇಳಿ ಎಂದು ಸೂಚಿಸುವ ಮಟ್ಟಕ್ಕೆ ಹೋದರು. 2003ರಲ್ಲಿ ಒಂಟಾರಿಯೊ ಮೇಲ್ಮನವಿ ನ್ಯಾಯಾಲಯ ಆ ವಿಚಾರಣೆ ನಿಷ್ಪಕ್ಷಪಾತವಾಗಿ ನಡೆದಂತೆ ಕಾಣುವುದಿಲ್ಲ ಎಂದಿತು, ಜನಾಂಗ ನೋಡಿ ನಿಲ್ಲಿಸುವುದನ್ನು ಸಾಂದರ್ಭಿಕ ಸಾಕ್ಷ್ಯದಿಂದಲೂ ತೋರಿಸಬಹುದು ಎಂದೂ ಹೇಳಿತು. 'ಈ ಮಾದರಿಯ ಕಾರು' ಎಂದು ಶುರುವಾದದ್ದು 'ಈ ಕಾರಿಗೆ ಇವನು ಒಪ್ಪುವುದಿಲ್ಲ' ಎಂದಾಗುವುದು ಹೀಗೆ.

ಇನ್ನೊಂದು. 2023ರ ಜುಲೈ, ಟೆಕ್ಸಾಸಿನ ಫ್ರಿಸ್ಕೊ. ಒಂದು ಕುಟುಂಬ ಮಕ್ಕಳೊಂದಿಗೆ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆಂದು ಬೇರೆ ರಾಜ್ಯದಿಂದ ಬಂದಿತ್ತು. ಕಾರು ಡಾಡ್ಜ್ ಚಾರ್ಜರ್. ಕಳ್ಳರಿಗೆ ಅಚ್ಚುಮೆಚ್ಚಿನ ಕಾರು. ಪೊಲೀಸ್ ಅಧಿಕಾರಿ ಪ್ಲೇಟ್ ಸಂಖ್ಯೆ ಹಾಕಿ ನೋಡುವಾಗ ಅರ್ಕಾನ್ಸಸ್ ಬದಲು ಅರಿಜೋನಾ ಎಂದು ಒತ್ತಿದರು. ಕಂಪ್ಯೂಟರ್ ಗಾಡಿಗೂ ಪ್ಲೇಟಿಗೂ ಹೊಂದುವುದಿಲ್ಲ ಎಂದಿತು. ಮುಂದಿನದ್ದು ಬಂದೂಕು ಗುರಿಯಿಟ್ಟು ಎಲ್ಲರನ್ನೂ ಕೆಳಗಿಳಿಸುವ ಕೆಲಸ, ಮಕ್ಕಳನ್ನೂ ಸೇರಿಸಿ. ಪೊಲೀಸ್ ಮುಖ್ಯಸ್ಥರು ಆಮೇಲೆ ಕ್ಷಮೆ ಕೇಳಿದರು. ಅದಕ್ಕೂ ಮೊದಲು 2020ರಲ್ಲಿ ಕೊಲೊರಾಡೊದ ಅರೋರಾದಲ್ಲಿ ಇನ್ನೊಂದು ಕುಟುಂಬವನ್ನು, ಪುಟ್ಟ ಹುಡುಗಿಯರನ್ನೂ ಬಿಡದೆ, ಬಿಸಿಲಿನ ಟಾರಿನ ಮೇಲೆ ಬೋರಲು ಮಲಗಿಸಿದ್ದರು. ಕದ್ದದ್ದು ಮೊಂಟಾನಾದ ಒಂದು ಮೋಟಾರ್‌ಸೈಕಲ್. ಪ್ಲೇಟ್ ಸಂಖ್ಯೆ ಒಂದೇ, ರಾಜ್ಯ ಬೇರೆ. ಎದುರಿಗಿದ್ದದ್ದು ಕಾರು ಎಂಬುದನ್ನು ಯಾರೂ ಗಮನಿಸಲಿಲ್ಲವೇ ಎಂದು ಈಗಲೂ ನನಗೆ ಆಶ್ಚರ್ಯ.

ಈ ಎರಡು ಕಡೆಯೂ ಕಳ್ಳರಿರಲಿಲ್ಲ. ಕಷ್ಟ ಇತ್ತು.

ಪ್ರಶ್ನೆ: ನಾನು ರಾತ್ರಿ ಹತ್ತರ ಮೇಲೆ ಕಾರು ತೆಗೆಯುವುದೇ ಇಲ್ಲ. ನಡುರಾತ್ರಿ ನನ್ನ ಕಾರು ಓಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ ಎಂದು ಪೊಲೀಸರಿಗೆ ಮೊದಲೇ ಬರೆದುಕೊಡಬಹುದೇ?

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ನಿಮ್ಮದು. ನೀವು ಕೇಳಿದ್ದನ್ನೇ ನ್ಯೂಯಾರ್ಕ್ ಪೊಲೀಸರು 1980ರ ದಶಕದಲ್ಲಿ ಶುರು ಮಾಡಿದ್ದರು, ಹೆಸರು 'ಕಾಂಬ್ಯಾಟ್ ಆಟೋ ಥೆಫ್ಟ್'. ಯಜಮಾನ ಠಾಣೆಗೆ ಹೋಗಿ, ರಾತ್ರಿ ಒಂದರಿಂದ ಬೆಳಗಿನ ಐದರವರೆಗೆ ಸಾಮಾನ್ಯವಾಗಿ ನಾನು ಈ ಕಾರು ಓಡಿಸುವುದಿಲ್ಲ, ಆ ಹೊತ್ತಿನಲ್ಲಿ ಕಂಡರೆ ನಿಲ್ಲಿಸಿ ಎಂದು ಸಹಿ ಹಾಕುತ್ತಿದ್ದ. ಕಿಟಕಿಗೆ ಒಂದು ಸ್ಟಿಕರ್. ಟೆಕ್ಸಾಸಿನಲ್ಲೂ ಇಂಥದ್ದೇ ಬಂತು, ಅಲ್ಲಿ ಮೆಕ್ಸಿಕೊ ಗಡಿ ದಾಟುವಾಗ ನಿಲ್ಲಿಸಲೂ ಒಪ್ಪಿಗೆ ಕೊಡಬಹುದಿತ್ತು. 1994ರಲ್ಲಿ ಅಮೆರಿಕದ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಸ್ವಯಂಪ್ರೇರಿತ ಯೋಜನೆಗೆ ಕಾನೂನೇ ಮಾಡಿತು.

ಈ ಉಪಾಯದ ಸೊಗಸು ಎಲ್ಲಿದೆ ನೋಡಿ. ದೂರು ದಾಖಲಾಗುವ ಮುಂಚಿನ ನಾಲ್ಕೈದು ಗಂಟೆಯ ಕತ್ತಲು ಎಂದೆನಲ್ಲ, ಅದನ್ನು ಯಜಮಾನ ಮೊದಲೇ ತುಂಬಿಕೊಟ್ಟಂತಾಯಿತು. ಪೊಲೀಸನಿಗೆ ಊಹೆ ಬೇಕಿಲ್ಲ, ಚಾಲಕನ ಮುಖ ನೋಡಬೇಕಿಲ್ಲ, ಅಂಟಿಸಿದ ಚೀಟಿಯೇ ಕಾರಣ. ತಕರಾರೂ ಇವೆ. ಕಳ್ಳನಿಗೂ ಓದು ಬರುತ್ತದೆ, ಸ್ಟಿಕರ್ ಕೆರೆದು ಬಿಸಾಡಬಹುದು. ಹೆರಿಗೆ ನೋವೆಂದು ನಡುರಾತ್ರಿ ಆಸ್ಪತ್ರೆಗೆ ಓಡುವಾಗ ನಿಮ್ಮದೇ ಸ್ಟಿಕರ್ ನಿಮ್ಮನ್ನೇ ನಿಲ್ಲಿಸುತ್ತದೆ. ಮೊದಲು ಪತ್ರ ಬರೆದ ನರ್ಸಮ್ಮನಿಗಂತೂ ಇದು ಒಗ್ಗುವುದೇ ಇಲ್ಲ. ಈಗಿನ ಕಾಲಕ್ಕೆ ಸ್ಟಿಕರೂ ಬೇಡ. ಪೊಲೀಸರ ಕಂಪ್ಯೂಟರಿನಲ್ಲಿ ಪ್ಲೇಟ್ ಸಂಖ್ಯೆಯ ಪಕ್ಕ ಒಂದು ಗುರುತಿದ್ದರೆ ಸಾಕು, ಬೇಕಾದಾಗ ಫೋನಿನಲ್ಲೇ ಯಜಮಾನ ತೆಗೆಯುವಂತಿರಬೇಕು. ಕ್ಯಾಮೆರಾ ಕಂಡದ್ದನ್ನು ಕಳ್ಳ ಕಾಣುವುದಿಲ್ಲ. ನಿಮ್ಮ ಠಾಣೆಯಲ್ಲಿ ಇಂಥದ್ದೇನಾದರೂ ಇದೆಯೇ ಕೇಳಿ, ಇಲ್ಲದಿದ್ದರೆ ಯಾಕಿಲ್ಲ ಎಂದೂ ಕೇಳಿ.

ಪ್ರಶ್ನೆ: ಕಳ್ಳರು ಪ್ಲೇಟ್ ಬದಲಿಸಿ, ಅದೇ ಮಾದರಿಯ, ಅದೇ ಬಣ್ಣದ ಬೇರೆ ಕಾರಿನ ಸಂಖ್ಯೆ ಹಾಕಿಕೊಂಡರೆ ನಿಲ್ಲಿಸಿ ತಾನೇ ಏನು ಪ್ರಯೋಜನ? ಎಲ್ಲ ಸರಿಯಾಗಿಯೇ ಕಾಣುತ್ತದಲ್ಲ?

ಉತ್ತರ: ಕ್ಯಾಮೆರಾಗೆ ಸರಿಯಾಗಿ ಕಾಣುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡುವವನಿಗೆ ಕಾಣುವುದಿಲ್ಲ. ನಿಲ್ಲಿಸುವುದರ ಪೂರ್ತಿ ಲಾಭ ಇರುವುದೇ ಇಲ್ಲಿ.

ಪ್ರತಿ ಕಾರಿಗೂ ಹುಟ್ಟಿನಿಂದ ಬಂದ ಒಂದು ಗುರುತಿನ ಸಂಖ್ಯೆ ಇರುತ್ತದೆ, ವಿಐಎನ್ ಅನ್ನುತ್ತಾರೆ. ಹದಿನೇಳು ಅಕ್ಷರ-ಅಂಕಿಗಳು. ಐ, ಓ, ಕ್ಯೂ ಈ ಮೂರು ಇಂಗ್ಲಿಷ್ ಅಕ್ಷರಗಳು ಅದರಲ್ಲಿ ಬರುವಂತೆಯೇ ಇಲ್ಲ, ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದೆಂದು. ಮುಂದಿನ ಗಾಜಿನ ಕೆಳಗೆ ಡ್ಯಾಶ್‌ಬೋರ್ಡಿನ ಅಂಚಿನಲ್ಲಿ ಒಂದು ಪುಟ್ಟ ಪಟ್ಟಿ, ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೊಂದು ಸ್ಟಿಕರ್, ಚಾಸಿಯ ಮೇಲೆ ಒತ್ತಿದ್ದು, ಕಾರಿನ ಕಂಪ್ಯೂಟರಿನೊಳಗೂ ಒಂದು. ಉತ್ತರ ಅಮೆರಿಕದ ಕಾರುಗಳಲ್ಲಿ ಒಂಬತ್ತನೆಯದು ತಾಳೆ ಅಂಕಿ, ಉಳಿದ ಹದಿನಾರರಿಂದ ಲೆಕ್ಕ ಹಾಕಿ ಬರುವಂಥದ್ದು. ಬಾಯಿಗೆ ಬಂದ ಸಂಖ್ಯೆ ಕೆತ್ತಿದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಹತ್ತನೆಯದು ಮಾದರಿಯ ವರ್ಷ. ಅದಕ್ಕೇ ಜಾಣ ಕಳ್ಳ ಸುಳ್ಳು ಸಂಖ್ಯೆ ಕೆತ್ತದೆ, ಬೇರೆಯವರ ನಿಜವಾದ ಸಂಖ್ಯೆಯನ್ನೇ ನಕಲು ಮಾಡುತ್ತಾನೆ.

ನಾನು ನೋಡುತ್ತಿದ್ದದ್ದು ಸಂಖ್ಯೆಗಿಂತ ಹೆಚ್ಚಾಗಿ ಅದರ ನೆರೆಹೊರೆಯನ್ನು. ಬಾಗಿಲ ಚೌಕಟ್ಟಿನ ಸ್ಟಿಕರ್ ಮೇಲೆ ಉಗುರು ಆಡಿಸಿದರೆ ಕಾರ್ಖಾನೆಯದ್ದು ಏಳುವುದಿಲ್ಲ, ಕೆರೆದರೆ ಹರಿದು ಚೂರಾಗುತ್ತದೆ. ನಕಲಿಯದು ಇಡಿಯಾಗಿ ಏಳುತ್ತದೆ. ಡ್ಯಾಶ್‌ಬೋರ್ಡಿನ ಪಟ್ಟಿಯ ರಿವೆಟ್ ಸುತ್ತ ಗೀರಿದೆಯೇ, ಪಟ್ಟಿ ಹೊಳೆಯುತ್ತಿದ್ದು ಪಕ್ಕದ ಪ್ಲಾಸ್ಟಿಕ್ ಮಾಸಿದೆಯೇ, ಪ್ಲೇಟಿನ ಸ್ಕ್ರೂ ಹೊಸದಾಗಿದ್ದು ಪ್ಲೇಟ್ ಹಳೆಯದೇ ಅಥವಾ ತಿರುಗುಮುರುಗೇ. ಒಂದು ಕ್ಲೇಮಿನಲ್ಲಿ ಕಾಗದವೆಲ್ಲ ಅಚ್ಚುಕಟ್ಟಾಗಿತ್ತು, ಸೀಟ್ ಬೆಲ್ಟಿನ ಬುಡದಲ್ಲಿ ಹೊಲಿದಿದ್ದ ತಯಾರಿಕೆಯ ದಿನಾಂಕ ಮಾತ್ರ ಕಾರಿನ ವರ್ಷಕ್ಕಿಂತ ಈಚಿನದು. ಕಾರು ಹುಟ್ಟಿದ ಮೇಲೆ ಬೆಲ್ಟ್ ಹುಟ್ಟಲು ಅಪಘಾತವಾದರೂ ಆಗಿರಬೇಕು, ಅದು ಆಗಿರಲಿಲ್ಲ.

ಹಳೆಯ ಕಾರು ಕೊಳ್ಳುವವರು ಇದನ್ನೆಲ್ಲ ನೆನಪಿಟ್ಟುಕೊಳ್ಳಿ. ನಕಲಿ ಸಂಖ್ಯೆಯ ಕಾರನ್ನು ಗೊತ್ತಿಲ್ಲದೆ ಕೊಂಡು ರಸ್ತೆ ತಪಾಸಣೆಯಲ್ಲಿ ಸಿಕ್ಕಿದರೆ, ನಿಮ್ಮನ್ನು ಬಿಟ್ಟಾರು, ಕಾರನ್ನು ಬಿಡುವುದಿಲ್ಲ. ಅದು ಮೂಲ ಯಜಮಾನನಿಗೋ ಅವನ ವಿಮಾ ಕಂಪನಿಗೋ ಸೇರಿದ್ದು. ಮಾರಿದವನ ಫೋನ್ ಅಷ್ಟು ಹೊತ್ತಿಗೆ ಸ್ವಿಚ್ ಆಫ್ ಆಗಿರುತ್ತದೆ. ದೇಶ ದಾಟಿದರೂ ಈ ಸಂಖ್ಯೆ ಬೆನ್ನು ಬಿಡುವುದಿಲ್ಲ. ಕೆನಡಾ ತನ್ನ ಕಳವು ಪಟ್ಟಿಯನ್ನು 2024ರ ಫೆಬ್ರುವರಿಯಲ್ಲಿ ಇಂಟರ್‌ಪೋಲ್ ದತ್ತಾಂಶಕ್ಕೆ ಜೋಡಿಸಿದ ಕೆಲವೇ ವಾರಗಳಲ್ಲಿ 1,500ಕ್ಕೂ ಹೆಚ್ಚು ಕಾರುಗಳು ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಪತ್ತೆಯಾದವು. ಬಹಳಷ್ಟು ಸಿಕ್ಕಿದ್ದು ಬಂದರುಗಳಲ್ಲೇ.

ಪ್ರಶ್ನೆ: ನಿಲ್ಲಿಸಿದಾಗ ಕೀಲಿ ತೋರಿಸಿದರೆ ಸಾಲದೇ? ಕಳ್ಳನ ಹತ್ತಿರ ಕೀಲಿ ಇರುತ್ತದೆಯೇ?

ಉತ್ತರ: ಇರಬಹುದು, ಅದೇ ತಾಪತ್ರಯ. ರಿಲೇ ವಿಧಾನದಲ್ಲಿ ಇಬ್ಬರು ಬರುತ್ತಾರೆ. ಒಬ್ಬ ನಿಮ್ಮ ಮನೆ ಬಾಗಿಲ ಹತ್ತಿರ ಆಂಟೆನಾ ಹಿಡಿದು ಒಳಗಿರುವ ಕೀ-ಫಾಬಿನ, ಅಂದರೆ ಎಲೆಕ್ಟ್ರಾನಿಕ್ ಕೀಲಿಯ, ಸಂಕೇತವನ್ನು ಎತ್ತಿ, ಕಾರಿನ ಪಕ್ಕದಲ್ಲಿರುವ ಇನ್ನೊಬ್ಬನಿಗೆ ದಾಟಿಸುತ್ತಾನೆ. ಕಾರಿಗೆ ಯಜಮಾನನೇ ಬಂದಂತೆ. ಬೇರೆ ಕೆಲವರು ಒಳಗೆ ಹೊಕ್ಕು, ಕಾರಿನ ದೋಷ ಪತ್ತೆಗೆ ಮೆಕ್ಯಾನಿಕ್ ಬಳಸುವ ಪೋರ್ಟಿಗೆ ಯಂತ್ರ ಸಿಕ್ಕಿಸಿ ಹೊಸ ಕೀಲಿಯನ್ನೇ ತಯಾರು ಮಾಡಿಕೊಳ್ಳುತ್ತಾರೆ. 2022ರಲ್ಲಿ ಲಂಡನ್ನಿನಲ್ಲಿ ಸೈಬರ್ ಭದ್ರತಾ ತಜ್ಞ ಇಯಾನ್ ಟೇಬರ್ ಅವರ ಟೊಯೋಟಾ ರ‍್ಯಾವ್-4 ಕಳುವಾಯಿತು. ಕಳ್ಳರು ಪಾಪ ತಪ್ಪು ಮನೆ ಆರಿಸಿದ್ದರು. ಅವರೂ ಸ್ನೇಹಿತ ಕೆನ್ ಟಿಂಡೆಲ್ ಅವರೂ ಸೇರಿ ಪತ್ತೆ ಮಾಡಿದ್ದೇನೆಂದರೆ, ಹೆಡ್‌ಲೈಟಿನ ತಂತಿಯ ಮೂಲಕ ಕಾರಿನ ಒಳಜಾಲಕ್ಕೆ 'ಕೀಲಿ ಬಂದಿದೆ' ಎಂಬ ಸುಳ್ಳು ಸಂದೇಶ ತೂರಿಸುವ ಯಂತ್ರವನ್ನು ಬ್ಲೂಟೂತ್ ಸ್ಪೀಕರಿನ ಡಬ್ಬಿಯೊಳಗೆ ಅಡಗಿಸಿ ಮಾರುತ್ತಿದ್ದರು. ಹಾಗಾಗಿ ಬಂಪರ್ ಸಡಿಲವಾಗಿದೆ, ಹೆಡ್‌ಲೈಟಿನ ಬಳಿಯ ಪ್ಲಾಸ್ಟಿಕ್ ಎದ್ದಿದೆ ಎಂದರೆ ಅನುಭವಿ ಪೊಲೀಸನ ಕಣ್ಣು ಅಲ್ಲಿ ನಿಲ್ಲುತ್ತದೆ. ನಿಮ್ಮ ಅಂಗಳದಲ್ಲೂ ಬೆಳಿಗ್ಗೆ ಹಾಗೆ ಕಂಡರೆ ಯಾರೋ ರಾತ್ರಿ ಪ್ರಯತ್ನಿಸಿ ಹೋಗಿದ್ದಾರೆ ಎಂದೇ ತಿಳಿಯಿರಿ, ಮತ್ತೆ ಬರುತ್ತಾರೆ.

ಕೀಲಿಯನ್ನು ಲೋಹದ ಪದರವಿರುವ ಚೀಲದಲ್ಲಿಡಿ, ರಿಲೇಗೆ ಅದು ತಡೆ. ಸ್ಟೀರಿಂಗಿಗೆ ಹಳೆಯ ಕಾಲದ ಕಬ್ಬಿಣದ ಬೀಗ ಹಾಕಿ, ಉಳಿದ ಎಲ್ಲ ವಿಧಾನಕ್ಕೂ ಅದು ಕಿರಿಕಿರಿ. 2024ರಲ್ಲಿ ಟೊರಾಂಟೊ ಪೊಲೀಸರೊಬ್ಬರು ಸಾರ್ವಜನಿಕ ಸಭೆಯಲ್ಲಿ, ಕಳ್ಳರು ಮನೆಯೊಳಗೆ ನುಗ್ಗದಿರಲಿ ಎಂದು ಕೀಲಿಯನ್ನು ಮುಂಬಾಗಿಲ ಬಳಿಯೇ ಇಟ್ಟುಬಿಡಿ ಎಂದು ಸಲಹೆ ಕೊಟ್ಟು ನಗೆಪಾಟಲಾದರು. ಜನ ನಕ್ಕರು, ಆದರೆ ಆ ಅಧಿಕಾರಿ ಹೇಳಿದ್ದು ಭಯದಿಂದ. ಕೀಲಿಗಾಗಿ ಆಯುಧ ಹಿಡಿದು ಮನೆಗೆ ನುಗ್ಗುವ ಪ್ರಕರಣಗಳು ನಿಜಕ್ಕೂ ನಡೆಯುತ್ತಿದ್ದವು.

ಪ್ರಶ್ನೆ: ಕಳುವಾದ ನನ್ನ ಕಾರು ಎರಡು ಬೀದಿ ಆಚೆಯೇ ನಿಂತಿದ್ದು ಫೋನಿನ ಆ್ಯಪಿನಲ್ಲಿ ಕಂಡಿತು. ಹೋಗಿ ತಂದುಬಿಟ್ಟೆ. ದೂರು ಕೊಟ್ಟಿದ್ದೆ, ವಾಪಸ್ ತೆಗೆಯಲು ಹೋಗಿಲ್ಲ. ತೊಂದರೆ ಇದೆಯೇ?

ಉತ್ತರ: ಇದನ್ನು ಓದಿದ ಕೂಡಲೇ ಪತ್ರಿಕೆ ಕೆಳಗಿಟ್ಟು ಠಾಣೆಗೆ ಫೋನ್ ಮಾಡಿ. ಅಲ್ಲಿಯವರೆಗೆ ಕಾರು ಮುಟ್ಟಬೇಡಿ. ಪಟ್ಟಿಯಲ್ಲಿ ಅದಿನ್ನೂ ಕದ್ದ ಕಾರು, ಅದನ್ನು ಓಡಿಸುವವರು ಕಳ್ಳರು, ಅಂದರೆ ನೀವು. ಮೇಲೆ ಫ್ರಿಸ್ಕೊದ ಕಥೆ ಹೇಳಿದ್ದೇನೆ.

ಎರಡು ಬೀದಿ ಆಚೆ ನಿಂತಿದ್ದು ಯಾಕೆ ಗೊತ್ತೇ? ಕದ್ದ ಕಾರನ್ನು ಒಂದೆರಡು ದಿನ ಯಾವುದಾದರೂ ವಠಾರದ ಪಾರ್ಕಿಂಗಿನಲ್ಲಿ ಬಿಟ್ಟು ದೂರದಿಂದ ನೋಡುತ್ತಾರೆ. ಒಳಗೆ ಟ್ರ್ಯಾಕರ್ ಇದ್ದರೆ ಯಜಮಾನನೋ ಪೊಲೀಸರೋ ಬರುತ್ತಾರೆ, ಯಾರೂ ಬರದಿದ್ದರೆ ಮುಂದಿನ ಪಯಣ. ನೀವು ಹೋದಾಗ ಅವರು ನಿಮ್ಮನ್ನು ನೋಡುತ್ತಿದ್ದಿರಬಹುದು. ಟ್ರ್ಯಾಕರ್ ಕಳ್ಳರ ಕೈಯಲ್ಲೂ ಇರುತ್ತದೆ ಎಂಬುದು ಬೇರೆ ಮಾತು: 2021ರ ಕೊನೆಯಲ್ಲಿ ಟೊರಾಂಟೊ ಉತ್ತರದ ಯಾರ್ಕ್ ಪ್ರಾದೇಶಿಕ ಪೊಲೀಸರು, ಮಾಲ್‌ಗಳಲ್ಲಿ ನಿಂತ ದುಬಾರಿ ಕಾರುಗಳಿಗೆ ಕಳ್ಳರು ಇರುವ ಜಾಗ ತೋರಿಸುವ ಪುಟ್ಟ ಸಾಧನವಾದ ಏರ್‌ಟ್ಯಾಗ್ ಅಂಟಿಸಿ ಮನೆಯವರೆಗೂ ಹಿಂಬಾಲಿಸುತ್ತಿದ್ದಾರೆ ಎಂದು ಎಚ್ಚರಿಸಿದ್ದರು. ಫೋನಿನಲ್ಲಿ ಅಪರಿಚಿತ ಟ್ಯಾಗ್ ಎಂಬ ಸೂಚನೆ ಬಂದರೆ ಬಂಪರಿನ ಹಿಂಬದಿ, ಇಂಧನ ಮುಚ್ಚಳದ ಒಳಗೆ ಕೈಯಾಡಿಸಿ.

ಪ್ರಶ್ನೆ: ಒಟ್ಟಾರೆ ಈ ತಡೆ-ತಪಾಸಣೆಯಿಂದ ಕಳ್ಳತನ ಕಮ್ಮಿಯಾಗುತ್ತದೆಯೇ? ನೇರ ಉತ್ತರ ಕೊಡಿ.

ಉತ್ತರ: ಒಂದಷ್ಟು ಕಾರು ಸಿಗುತ್ತವೆ. ಅಷ್ಟರಿಂದಲೇ ಕಳ್ಳತನ ಇಳಿದೀತು ಎಂದು ನಾನು ನಂಬುವುದಿಲ್ಲ.

ಕೆನಡಾದ ವಿನ್ನಿಪೆಗ್‌ನಲ್ಲಿ ಒಂದು ಕಾಲಕ್ಕೆ ಕಾರು ಕಳ್ಳತನ ಹದಗೆಟ್ಟುಹೋಗಿತ್ತು, ಅಲ್ಲಿ ಕದಿಯುತ್ತಿದ್ದವರು ಹೆಚ್ಚಾಗಿ ಮೋಜಿಗೆ ಓಡಿಸುವ ಹುಡುಗರು. 2005ರಿಂದ ಅಲ್ಲಿ ಮಾಡಿದ್ದು ಎರಡು ಕೆಲಸ. ಪದೇ ಪದೇ ಕದಿಯುವ ಹುಡುಗರನ್ನು ಹೆಸರು ಹಿಡಿದು ಗುರುತಿಸಿ, ದಿನಕ್ಕೆ ಹಲವು ಬಾರಿ ಎಲ್ಲಿದ್ದೀಯ ಎಂದು ವಿಚಾರಿಸುವ ನಿಗಾ. ಇನ್ನೊಂದು, ಅತಿ ಹೆಚ್ಚು ಕಳುವಾಗುವ ಮಾದರಿಗಳಿಗೆ ಇಮೊಬಿಲೈಜರ್ (ಸರಿಯಾದ ಕೀಲಿಯಿಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ಸಾಧನ) ಕಡ್ಡಾಯ, ಖರ್ಚು ಸಾರ್ವಜನಿಕ ವಿಮಾ ಸಂಸ್ಥೆಯದ್ದು. ಕೆಲವೇ ವರ್ಷಗಳಲ್ಲಿ ಕಳವು ನೆಲಕಚ್ಚಿತು. ಅಲ್ಲೂ ಗಮನ ಇದ್ದದ್ದು ಕಳ್ಳರ ಮೆಚ್ಚಿನ ಕಾರುಗಳ ಮೇಲೆಯೇ, ಆದರೆ ರಸ್ತೆಯಲ್ಲಿ ನಿಲ್ಲಿಸುವ ಬದಲು ಗ್ಯಾರೇಜಿಗೆ ಕರೆದರು.

ಇದರ ತದ್ವಿರುದ್ಧ ಉದಾಹರಣೆ ಅಮೆರಿಕದ ಕಿಯಾ, ಹ್ಯುಂಡೈ. ಕೆನಡಾದಲ್ಲಿ 2007ರಿಂದ ಇಮೊಬಿಲೈಜರ್ ಕಡ್ಡಾಯವಾಗಿತ್ತು, ಅಮೆರಿಕದಲ್ಲಿ ಇರಲಿಲ್ಲ. ಅಲ್ಲಿ ಸಾದಾ ಕೀಲಿಯ ಲಕ್ಷಾಂತರ ಕಾರುಗಳು ಅದಿಲ್ಲದೆ ಮಾರಾಟವಾದವು. ಸ್ಟೀರಿಂಗಿನ ಕವಚ ಕಿತ್ತು ಯುಎಸ್‌ಬಿ ತಂತಿಯ ತುದಿಯಿಂದ ತಿರುಗಿಸಿದರೆ ಕಾರು ಶುರು, ಅದರ ವಿಡಿಯೊ ಟಿಕ್‌ಟಾಕಿನಲ್ಲಿ ಹರಿದಾಡಿತು. 2023ರಲ್ಲಿ ಸುಮಾರು 83 ಲಕ್ಷ ಕಾರುಗಳಿಗೆ ಉಚಿತ ಸಾಫ್ಟ್‌ವೇರ್ ದುರಸ್ತಿ ಘೋಷಿಸಬೇಕಾಯಿತು. ಆ ಹೊತ್ತಿಗೆ 14 ಅಪಘಾತಗಳು, 8 ಸಾವುಗಳು ವರದಿಯಾಗಿದ್ದವು. ತಯಾರಿಸುವಾಗ ಹಾಕದ ಒಂದು ಸಣ್ಣ ಭಾಗದ ಕೊರತೆಯನ್ನು ರಾತ್ರಿ ಗಸ್ತಿನ ಪೊಲೀಸ್ ಟಾರ್ಚ್ ಹಿಡಿದು ತುಂಬಿಕೊಡಲಾರ. ಸಿಟ್ಟು ಬಂದರೆ ಅರ್ಧವನ್ನಾದರೂ ಕಾರು ತಯಾರಿಸುವವರ ಕಡೆ ತಿರುಗಿಸಿ.

ಪ್ರಶ್ನೆ: ಕಾರು ನನ್ನ ಹೆಸರಿನಲ್ಲಿದೆ. ಮಗ ಕಾಲೇಜಿನಿಂದ ತಡರಾತ್ರಿ ಅದನ್ನು ತರುತ್ತಾನೆ. ನಿಲ್ಲಿಸಿದರೆ ಅವನೇನು ಮಾಡಬೇಕು?

ಉತ್ತರ: ಕಾರನ್ನು ಬೆಳಕಿರುವ ಕಡೆ ಪಕ್ಕಕ್ಕೆ ಹಾಕಿ, ಒಳಗಿನ ದೀಪ ಹಚ್ಚಿ, ಎರಡೂ ಕೈ ಸ್ಟೀರಿಂಗಿನ ಮೇಲಿಡಲಿ. ಕಾಗದ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದ್ದರೆ ಕೈ ಹಾಕುವ ಮೊದಲು ಬಾಯಲ್ಲಿ ಹೇಳಲಿ. ಕಾರು ತಂದೆಯದೋ ತಾಯಿಯದೋ ನೇರವಾಗಿ ಹೇಳಲಿ, ನನ್ನದೇ ಎಂದು ಬೀಗುವುದು ಬೇಡ, ನೋಂದಣಿಯ ಹೆಸರು ಬೇರೆ ಬಂದರೆ ಅನುಮಾನ ಅಲ್ಲಿಂದಲೇ ಶುರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಕೆನಿಸಿದರೆ ಫೋನನ್ನು ಮೊದಲೇ ಸ್ಟ್ಯಾಂಡಿಗೆ ಸಿಕ್ಕಿಸಿರಲಿ, ಕತ್ತಲಲ್ಲಿ ತಟ್ಟನೆ ಜೇಬಿಗೆ ಕೈ ಹಾಕಿ ಕಪ್ಪು ವಸ್ತು ತೆಗೆಯುವುದು ಒಳ್ಳೆಯದಲ್ಲ. ಕಾಗದದಲ್ಲಿರುವ ಹೆಸರು ನಿಮ್ಮದಾದ್ದರಿಂದ ಪೊಲೀಸರು ಕೇಳಿ ತಿಳಿಯಲು ಫೋನ್ ಮಾಡುವುದು ನಿಮಗೆ. ರಾತ್ರಿ ಎರಡು ಗಂಟೆಗೆ ಅಪರಿಚಿತ ಸಂಖ್ಯೆ ಬಂತೆಂದು ಕಟ್ ಮಾಡಿ ಮಗ್ಗುಲು ಬದಲಿಸಬೇಡಿ.